ಲಗಮನ ಪಟ್ಟಿ

ರಸ್ತೆ ಅಗಲ ಮಾಡುವವರಿಗೆ ಬೇಕಾದದ್ದು
ಹದಿನೇಳು ಗುಂಟೆ ಮಾತ್ರ.
ಹೊಲದ ಹೆಸರು ಲಗಮನ ಪಟ್ಟಿ.
ಯಾವ ಲಗಮ ಎಂದರೆ
ಕರಿಗುದ್ದಿಯ ಕಟ್ಟೆಯ ಮೇಲೆ ಕೂತವರೆಲ್ಲ
ಮುಖ ಮುಖ ನೋಡಿಕೊಂಡರು.
"ಇದ್ದಿರಬೇಕ್ರಿ ಯಾವನೋ ಒಬ್ಬಾಂವ,
ಹೆಸರು ಸುಮ್ಮ ಹುಟ್ಟತೈತೇನು?"

ಮೋಜಣಿ ಸರಪಳಿ ಹಿಡಿದು
ಮೂವತ್ತೊಂದು ವರ್ಷ ನಡೆದವನು ನಾನು.
ಹೊಲದ ಹದ್ದು ಗೊತ್ತು,
ಹೊಲದವರ ಹದ್ದು ಗೊತ್ತಿಲ್ಲ.
ಹುಕ್ಕೇರಿ ಕಚೇರಿಯ ರೆಕಾರ್ಡ್ ಖೋಲಿಯಲ್ಲಿ
ಕೆಂಪು ರುಮಾಲಿನ ಗಂಟು ಬಿಚ್ಚಿದೆ:
ಒಣ ಬೇವಿನೆಲೆಯ ಪುಡಿ, ಜಿರಳೆಯ ರೆಕ್ಕೆ,
ಯಾರೋ ಮರೆತಿಟ್ಟ ಅರ್ಧ ಅಡಿಕೆ.

ಉತಾರದಿಂದ ಉತಾರಕ್ಕೆ ಹಿಂದೆ ಹಿಂದೆ ಸರಿದೆ.
ಈಗ ಉಳುವವನ ಅಜ್ಜ ಕೊಂಡದ್ದು
ಸಂಕೇಶ್ವರದ ಜವಳಿ ವ್ಯಾಪಾರಿಯಿಂದ,
ಅವನಿಗೆ ಸಿಕ್ಕದ್ದು ಲಿಲಾವಿನಲ್ಲಿ,
ಲಿಲಾವಾದದ್ದು ಬಾಕಿಗೆ,
ಬಾಕಿ ಯಾರದು?
ಅಷ್ಟು ಜಾಗ ಹುಳ ತಿಂದಿದೆ.
ಅದರದೂ ಒಂದು ವಹಿವಾಟಿನ ಹಕ್ಕು.

ಅದರ ಕೆಳಗೆ ಮೋಡಿ.
ಗಾಳಿಗೆ ಒಂದೇ ಕಡೆ ಬಾಗಿದ ಜೋಳದ ಹಾಗೆ
ಲೇಖಣಿ ಎತ್ತದೆ ಬರೆದ ಸಾಲು.
ಬೆಳಗಾವಿಯ ಬಸ್ಸು ಹತ್ತಿ
ಶಹಾಪುರದ ಹುದ್ದಾರ ಮಾಸ್ತರರ ಮುಂದೆ ಝೆರಾಕ್ಸ್ ಹಿಡಿದೆ.
ಅವರು ಮೊದಲು ಬೆರಳಿಂದ ಓದುತ್ತಾರೆ,
ಕಣ್ಣು ಆಮೇಲೆ.

"ಫಸಲಿ ಬಾರಾಶೆ ನಲವತ್ತೈದು. ಮೌಜೆ ಕರಿಗುದ್ದಿ.
ಲಗಮಾ, ಉಪರಿ."
ಉಪರಿ ಅಂದರೆ?
"ಮ್ಯಾಲಿಂದ ಬಂದು ಕೂತವರು. ಮಿರಾಸಿ ಅಲ್ಲ.
ಊರ ದೇವರಿಗೆ ಎಣ್ಣಿ ಹಾಕಬಹುದು,
ಊರ ಮಾತಿಗೆ ಬಾಯಿ ಹಾಕಂಗಿಲ್ಲ."

ಪಡಾ ಬಿದ್ದ ಹೊಲ, ಕೌಲಿನ ಮೇಲೆ ಕೊಟ್ಟದ್ದು.
ಮೊದಲ ವರ್ಷ ಮಾಫಿ,
ಎರಡಕ್ಕೆ ಎಂಟಾಣೆ, ಮೂರಕ್ಕೆ ರೂಪಾಯಿ,
ಹೀಗೇ ಏರುತ್ತ ಏಳಕ್ಕೆ ಪೂರಾ ಆಕಾರ.
ಕಿತ್ತ ಜಾಲಿ ಬೇರುಗಳ ಲೆಕ್ಕ ಅದರಲ್ಲಿಲ್ಲ,
ಮಾಫಿಯ ವರ್ಷ ಏನು ತಿಂದದ್ದೋ ಅದೂ ಇಲ್ಲ.
ಎತ್ತು ಒಂದು.
ಒಂದೇ.
ನೊಗದ ಆಚೆ ಬದಿಗೆ ಯಾರ ಹೆಗಲೋ.
ನಾಲ್ಕನೇ ವರ್ಷ: ಬಾವಿ ಒಂದು, ಕಚ್ಚಾ, ಸೀ ನೀರು.
ಸೀ ಎಂದು ಬರೆದ ಕುಲಕರ್ಣಿ
ಬೊಗಸೆಯೊಡ್ಡಿ ಕುಡಿದೇ ಬರೆದಿರಬೇಕು.

ಸಹಿಯ ಜಾಗದಲ್ಲೊಂದು ಸೊನ್ನೆ.
ಬಾಕಿ ಇಲ್ಲ ಎಂದು ನಾನು ಗುರುತು ಹಾಕಿಕೊಂಡಿದ್ದೆ.
ನನಗಿಂತ ಮೊದಲಿನ ಕಾರಕೂನರೂ
ಸೊನ್ನೆ ನೋಡಿ ಸೊನ್ನೆಯನ್ನೇ ನಕಲು ಮಾಡಿದ್ದರು,
ಒಬ್ಬನಂತೂ ಮುಂದೆ ಎರಡು ಗೆರೆ ಎಳೆದು
ರೂಪಾಯಿ ಆಣೆ ಪೈ ಮೂರಕ್ಕೂ ಹಂಚಿದ್ದ.

ಮಾಸ್ತರರು ನಕ್ಕರು, ಕೆಮ್ಮು ಬರುವ ತನಕ.
"ಗಂಡಸಾದ್ರ ರಂಟಿ ಗೀಚತಿದ್ದ,
ಅದು ಒಕ್ಕಲಿಗರ ನಿಶಾಣಿ.
ಇದು ಸೊನ್ನಿ ಅಲ್ಲಪಾ,
ಬಳಿ."

ಬಳೆ.
ಲಗಮ ಅಲ್ಲ, ಲಗಮವ್ವ.
ಅವ್ವ ಎಂದು ಬರೆಯುವಷ್ಟರಲ್ಲಿ
ಶಾಯಿ ಮುಗಿಯಿತೋ ಮನಸ್ಸು ಮುಗಿಯಿತೋ.
ಎಲ್ಲಿಂದ ಬಂದಳು, ಯಾರ ಕೂಡ, ಕಂಕುಳಲ್ಲಿ ಕೂಸಿತ್ತೇ,
ಕಾಗದ ಕೇಳಿಲ್ಲ.
ಏಳನೇ ವರ್ಷದ ಎದುರು ಒಂದೇ ಶಬ್ದ:
ಪರಾಗಂದಾ.
"ಊರು ಬಿಟ್ಟಾಳ," ಅಂದರು ಮಾಸ್ತರರು,
ಕನ್ನಡಕ ತೆಗೆದು ಧೋತರದ ಸೆರಗಿಗೆ ಒರೆಸುತ್ತ.

ಮರಳಿ ಹೋಗಿ ಹೊಲದಲ್ಲಿ ನಿಂತೆ.
ಹದಿನೇಳು ಗುಂಟೆಯೊಳಗೇ ಬರುತ್ತದೆ ಬಾವಿ,
ಕಬ್ಬಿನ ರವದಿ, ಹರಕು ಚೀಲ, ಬಾಟಲಿ ತುಂಬಿದೆ.
ಕಲ್ಲೊಂದು ಹಾಕಿದೆ,
ಸಪ್ಪಳ ಬರಲಿಲ್ಲ.
ಬಾವಿಯ ಪರಿಹಾರ ಈಗಿನ ಖಾತೆದಾರನಿಗೆ.

ವರದಿಯ ನಮೂನೆಯಲ್ಲಿ ಮೂಲ ಕಬ್ಜೇದಾರರು ಎಂಬ ಕಡೆ
ಲಗಮವ್ವ, ಉಪರಿ ಎಂದು ತುಂಬಿದೆ.
ಪಕ್ಕದ ಕಲಂ ಖಾಲಿ ಬಿಡುವ ಹಾಗಿಲ್ಲವಂತೆ,
ತಂದೆ ಅಥವಾ ಗಂಡನ ಹೆಸರು ಕಡ್ಡಾಯ.
ಪೆನ್ನು ಎತ್ತದೆ
ಅಲ್ಲೊಂದು ಬಳೆ ಬರೆದೆ.

ತಹಶೀಲ್ದಾರರು ಸೊನ್ನೆ ಎಂದು ಓದಿಕೊಂಡು
ಸಹಿ ಹಾಕಿದರು.